ಹಿಂದುಳಿದ ತಾಲೂಕಿಗೆ ಉದ್ಯಮ ವಲಯ: ರಿಯಾಯಿತಿಗೆ ಮುಂಚಿನ ಕೆಲಸ, ಆಮೇಲಿನ ಲೆಕ್ಕ

ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಎರಡು ಲಾರಿ ಒಟ್ಟಿಗೆ ಹೋಗುವಷ್ಟು ಅಗಲದ ಡಾಂಬರು ರಸ್ತೆ. ಎರಡೂ ಕಡೆ ನಂಬರ್ ಕೆತ್ತಿದ ಕಲ್ಲು. ಕಲ್ಲಿನ ಹಿಂದೆ ಪ್ಲಾಟು, ಪ್ಲಾಟಿನ ತುಂಬ ಬಳ್ಳಾರಿ ಜಾಲಿ. ದೀಪದ ಕಂಬ ಇದೆ, ದೀಪ ಇಲ್ಲ. ಕುರಿ ಕಾಯುತ್ತಿದ್ದ ಹುಡುಗನನ್ನು ಕೇಳಿದೆ, "ಇಲ್ಲಿ ಕಂಪನಿ ಎಲ್ಲದಾವಪ್ಪಾ?" ಅವನು ಕುರಿ ಕಡೆ ನೋಡುತ್ತಲೇ ಹೇಳಿದ, "ಅವು ಇನ್ನಾ ಬಂದಿಲ್ರೀ."

ಅಲ್ಲಿ ರಿಯಾಯಿತಿಗೆ ಕೊರತೆ ಇರಲಿಲ್ಲ. ಆದೇಶ ಆಗಿತ್ತು, ಸಬ್ಸಿಡಿ ಇತ್ತು, ಸ್ಟ್ಯಾಂಪ್ ಡ್ಯೂಟಿ ಮಾಫಿ ಇತ್ತು. ಕೆಲಸ ಮಾತ್ರ ಉಲ್ಟಾ ನಡೆದಿತ್ತು. ಮೊದಲು ರಿಯಾಯಿತಿ ಘೋಷಿಸಿ, ಆಮೇಲೆ ನೀರು, ಕರೆಂಟು, ಜನ ಎಲ್ಲಿದ್ದಾರೆ ಅಂತ ಹುಡುಕಲು ಹೊರಟಿದ್ದರು. ಸಣ್ಣ ಕೈಗಾರಿಕೆಯವರ ಪರವಾಗಿ ಇಂಥ ಸಭೆಗಳಲ್ಲಿ ಕೂತು ಕೂತು ನನಗೆ ಗಟ್ಟಿಯಾಗಿರುವ ಮಾತು ಒಂದೇ: ರಿಯಾಯಿತಿಯ ವಿಷಯ ಎತ್ತಬೇಕಾದ್ದು ಮೊದಲಲ್ಲ, ಆರನೇ ಹಂತದಲ್ಲಿ.

ನೀವು ತಾಲೂಕಿನ ವ್ಯಾಪಾರಸ್ಥರ ಸಂಘದವರಿರಬಹುದು, ಪಂಚಾಯಿತಿ ಸದಸ್ಯರಿರಬಹುದು, ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಈಗಷ್ಟೇ ಬಂದ ಅಧಿಕಾರಿ ಇರಬಹುದು. ಈ ಹಂತಗಳು ನಿಮಗಾಗಿ.

ಮೊದಲಿಗೆ, ಈ ವಲಯ ಅಂದರೆ ಏನು?

ಸೊರಗಿದ ಒಂದು ಪ್ರದೇಶದ ಸುತ್ತ ಗೆರೆ ಎಳೆಯುವುದು. ಗೆರೆಯೊಳಗೆ ಬಂಡವಾಳ ಹಾಕಿದವರಿಗೆ ಇಂತಿಷ್ಟು ವರ್ಷ ತೆರಿಗೆ ಕಡಿಮೆ, ಕಚೇರಿ ಅಲೆದಾಟ ಕಡಿಮೆ. ಅಷ್ಟೇ.

ಎಂಟರ್‌ಪ್ರೈಸ್ ಝೋನ್ ಅನ್ನುವ ಹೆಸರಿನಲ್ಲಿ ಇದು ಹುಟ್ಟಿದ್ದು ಬ್ರಿಟನ್ನಿನಲ್ಲಿ. ನಗರ ಯೋಜನೆಯ ಪ್ರಾಧ್ಯಾಪಕ ಪೀಟರ್ ಹಾಲ್ 1977ರಲ್ಲಿ ಒಂದು ಮಾತು ತೇಲಿಬಿಟ್ಟರು: ಬಂದರು, ಕಾರ್ಖಾನೆ ಮುಚ್ಚಿ ಪಾಳು ಬಿದ್ದ ನಗರದ ಮೂಲೆಗಳಲ್ಲಿ ಕಟ್ಟುಪಾಡೆಲ್ಲ ಸಡಿಲಿಸಿ, ಹಾಂಗ್‌ಕಾಂಗ್ ಥರ ಬಿಟ್ಟು ನೋಡಿದರೆ ಹೇಗೆ? ಜೆಫ್ರಿ ಹೌ ಹಣಕಾಸು ಸಚಿವರಾದ ಮೇಲೆ 1980ರ ಬಜೆಟ್ಟಿನಲ್ಲಿ ಇದನ್ನು ತಂದರು, ಹಾಲ್ ಹೇಳಿದ್ದಕ್ಕಿಂತ ಬಹಳ ಸೌಮ್ಯ ರೂಪದಲ್ಲಿ. 1981ರಲ್ಲಿ ವೇಲ್ಸ್‌ನ ಸ್ವಾನ್ಸಿಯಿಂದ ಶುರು. 10 ವರ್ಷ ಕಟ್ಟಡದ ಮೇಲೆ ಸ್ಥಳೀಯ ತೆರಿಗೆ ಇಲ್ಲ. ಕಟ್ಟಡಕ್ಕೆ ಹಾಕಿದ ದುಡ್ಡನ್ನು ಪೂರ್ತಿಯಾಗಿ ಲಾಭದಲ್ಲಿ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ. ಕಟ್ಟಡದ ಅನುಮತಿಯೂ ಸರಳ.

ನಮ್ಮಲ್ಲಿ ಈ ಹೆಸರು ಚಾಲ್ತಿಯಲ್ಲಿಲ್ಲ, ಉಪಾಯ ಮಾತ್ರ ಇದೆ. ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡಕ್ಕೆ ಕೇಂದ್ರ 2003ರಲ್ಲಿ ಕೊಟ್ಟ ಪ್ಯಾಕೇಜು ಇದೇ ಜಾತಿಯದು: 10 ವರ್ಷ ಕೇಂದ್ರ ಅಬಕಾರಿ ಸುಂಕ (ಕಾರ್ಖಾನೆಯಲ್ಲಿ ತಯಾರಾದ ಮಾಲಿನ ಮೇಲೆ ಆಗ ಇದ್ದ ತೆರಿಗೆ) ಇಲ್ಲ, ಮೊದಲ 5 ವರ್ಷ ಆದಾಯ ತೆರಿಗೆಯೂ ಪೂರ್ತಿ ಮಾಫಿ. ಕರ್ನಾಟಕದ ಕೈಗಾರಿಕಾ ನೀತಿಯೂ ರಾಜ್ಯವನ್ನು ಮೂರು ವಲಯ ಮಾಡಿದೆ. 2020–25ರ ನೀತಿಯಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಮೂರನೆಯದರಲ್ಲಿ ಇದ್ದವು. ಅಲ್ಲಿಂದ ದೂರ ಹೋದಷ್ಟೂ ಸೌಲಭ್ಯ ಜಾಸ್ತಿ ಅನ್ನುವುದು ಲೆಕ್ಕಾಚಾರ.

ಹಂತ 1: ಯಾಕೆ ಬರುತ್ತಿಲ್ಲ ಅಂತ ಕೇಳಿ

ಎಲ್ಲರೂ ದಾಟಿ ಹೋಗುವ ಹಂತ ಇದು. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ.

ಮೂರು ಥರದ ಜನರನ್ನು ಹುಡುಕಿ. ಒಂದು, ಕಷ್ಟವೋ ಸುಖವೋ ನಿಮ್ಮ ಊರಲ್ಲೇ ಘಟಕ ನಡೆಸುತ್ತಿರುವವರು. ಎರಡು, ಬಾಗಿಲು ಹಾಕಿ ಹೋದವರು. ಮೂರು, ಜಾಗ ನೋಡಿ ಚಹಾ ಕುಡಿದು ಹೋಗಿ ಮತ್ತೆ ಫೋನ್ ಮಾಡದವರು. ಈ ಮೂರನೆಯವರೇ ಚಿನ್ನ. ಒಟ್ಟು ಇಪ್ಪತ್ತು ಜನ ಸಿಕ್ಕರೆ ಸಾಕು. "ಏನು ಬೇಕು?" ಅಂತ ಕೇಳಬೇಡಿ, ಎಲ್ಲರೂ ಸಬ್ಸಿಡಿ ಅಂತಾರೆ. "ಹೋದ ವರ್ಷ ಯಾವ ದಿನ ಮಿಷಿನ್ ನಿಂತಿತ್ತು, ಯಾಕೆ?" ಅಂತ ಕೇಳಿ.

ಕಲಬುರಗಿ ಕಡೆಯ ಒಬ್ಬ ದಾಲ್ ಮಿಲ್ ಮಾಲೀಕರನ್ನು ನಾನು ಹೀಗೇ ಕೇಳಿದ್ದೆ. ಗಲ್ಲಾದ ಹಿಂದೆ ಗೋಡೆಗೆ ನೇತುಹಾಕಿದ್ದ ಕ್ಯಾಲೆಂಡರ್ ತೆಗೆದು ತೋರಿಸಿದರು. ಕರೆಂಟು ಹೋದ ದಿನಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಒಳಗೆ ಗಂಟೆ ಬರೆದಿಟ್ಟಿದ್ದರು. "ಸಬ್ಸಿಡಿ ಆಮ್ಯಾಲ ನೋಡೋಣ್ರೀ ಸರ, ಮೊದಲ ಕರೆಂಟ್ ಕೊಡಸ್ರಿ" ಅಂದರು.

ಈಗ ಆ ಕೆಂಪು ಸುತ್ತುಗಳನ್ನು ರೂಪಾಯಿಗೆ ಇಳಿಸಬೇಕು. ಉದಾಹರಣೆಗೆ ಹೀಗೆ ಹಿಡಿಯೋಣ: 100 ಎಚ್‌ಪಿ ಮಿಲ್ಲು, ಅಂದರೆ ಸುಮಾರು 75 ಕಿಲೋವ್ಯಾಟ್. ದಿನಕ್ಕೆ ಮೂರು ಗಂಟೆ ಕರೆಂಟಿಲ್ಲ, ಜನರೇಟರ್ ಓಡಬೇಕು. 225 ಯೂನಿಟ್. ಡೀಸೆಲ್ ಯೂನಿಟ್ಟಿಗೆ ಲೈನ್ ಕರೆಂಟಿಗಿಂತ 18 ರೂಪಾಯಿ ಜಾಸ್ತಿ ಬೀಳುತ್ತದೆ ಅಂದುಕೊಳ್ಳಿ. ದಿನಕ್ಕೆ 4,050 ರೂಪಾಯಿ. ವರ್ಷಕ್ಕೆ 300 ದಿನ ಮಿಲ್ಲು ನಡೆದರೆ 12 ಲಕ್ಷ ದಾಟುತ್ತದೆ. ಅದೇ ಮಾಲೀಕರಿಗೆ 50 ಲಕ್ಷದ ಪ್ಲಾಟಿನ ಮೇಲೆ 5 ಪರ್ಸೆಂಟ್ ಸ್ಟ್ಯಾಂಪ್ ಡ್ಯೂಟಿ ಬಿಟ್ಟರೆ ಉಳಿಯುವುದು ಎರಡೂವರೆ ಲಕ್ಷ, ಅದೂ ಜೀವಮಾನಕ್ಕೆ ಒಂದೇ ಸಲ. ಅವರು ಯಾವುದನ್ನು ನೋಡಿ ಊರು ಆರಿಸುತ್ತಾರೆ ಅಂತ ಬೇರೆ ಹೇಳಬೇಕಾ?

ಇಪ್ಪತ್ತು ಜನರ ತೊಂದರೆಯನ್ನೂ ಹೀಗೆ ರೂಪಾಯಿಯಲ್ಲಿ ಬರೆದು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಒಂದು ಹಾಳೆ ಸಾಕು. ಮುಂದಿನ ಎಲ್ಲ ಹಂತಕ್ಕೂ ಅದೇ ಆಧಾರ.

ಹಂತ 2: ಗೆರೆ ಎಲ್ಲಿ ಎಳೆಯಬೇಕು

ಯಾವ ತಾಲೂಕು ಎಷ್ಟು ಹಿಂದುಳಿದಿದೆ ಅನ್ನುವುದಕ್ಕೆ ನಮ್ಮಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯೇ ಬಹಳ ವರ್ಷಗಳಿಂದ ಅಳತೆಗೋಲು. ಆಗಿನ 175 ತಾಲೂಕುಗಳಲ್ಲಿ 114 ಹಿಂದುಳಿದವು ಅಂತ ಅದು ಗುರುತಿಸಿತು: 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗದವೇ. ನಿಮ್ಮ ತಾಲೂಕು ಯಾವ ಪಟ್ಟಿಯಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಹೆಚ್ಚುವರಿ ಸೌಲಭ್ಯ ಕೇಳಲು ಅದೇ ದಾರಿ.

ತಾಲೂಕು ಆರಿಸಲು ಹಿಂದುಳಿದಿರುವುದು ಕಾರಣ. ತಾಲೂಕಿನೊಳಗೆ ಜಾಗ ಆರಿಸಲು ಅದು ಕಾರಣ ಆಗಬಾರದು. ಎಲ್ಲಕ್ಕಿಂತ ಒಣಗಿದ, ಎಲ್ಲಕ್ಕಿಂತ ದೂರದ ಜಾಗಕ್ಕೆ ಕಾರ್ಖಾನೆ ಬರಲಿ ಅನ್ನುವುದು ಕರುಣೆ ಇರಬಹುದು, ಯೋಜನೆ ಅಲ್ಲ. ರೈಲ್ವೆ ಸ್ಟೇಷನ್ನು, ಸಬ್‌ಸ್ಟೇಷನ್ನು, ನದಿ ಅಥವಾ ಕಾಲುವೆ ನೀರು, ನಾಲ್ಕೈದು ದೊಡ್ಡ ಹಳ್ಳಿ, ಇವು ಒಂದಕ್ಕೊಂದು ಹತ್ತಿರ ಬರುವ ಕಡೆ ಗೆರೆ ಎಳೆಯಿರಿ.

ಅಳತೆ ಚಿಕ್ಕದಿರಲಿ. ಬ್ರಿಟನ್ನಿನ ವಲಯಗಳು ಕೆಲವು ನೂರು ಎಕರೆಯವು. ಯಾದಗಿರಿಯ ಕಡೇಚೂರು-ಬಾಡಿಯಾಳದಂತೆ 3,000 ಎಕರೆ ಮೀರಿದ ಪ್ರದೇಶ ತುಂಬಲು ಬಹಳ ವರ್ಷ ಬೇಕು. ಅಷ್ಟು ದಿನ ರಸ್ತೆ, ಚರಂಡಿ, ಪೈಪು ಸುಮ್ಮನೆ ಬಿಸಿಲಿಗೆ ಬಿದ್ದಿರುತ್ತವೆ. 150 ಎಕರೆ ತುಂಬಿದ ಮೇಲೆ ಪಕ್ಕದ 150 ತೆಗೆದುಕೊಳ್ಳಿ.

ಭೂಮಿ ಯಾರದ್ದು ಅನ್ನುವುದು ನೀವು ಅಂದುಕೊಂಡಿರುವುದಕ್ಕಿಂತ ದೊಡ್ಡ ಪ್ರಶ್ನೆ. ಬ್ರಿಟನ್ನಿನಲ್ಲಿ ಸ್ಥಳೀಯ ತೆರಿಗೆ ಬಿಟ್ಟ ಕೂಡಲೇ ವಲಯದೊಳಗಿನ ಬಾಡಿಗೆ ಏರಿತು. ಸರ್ಕಾರ ಬಿಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಕಾರ್ಖಾನೆಯವನಿಗೆ ಸಿಗದೆ ಜಾಗದ ಮಾಲೀಕನ ಜೇಬಿಗೆ ಹೋಯಿತು. ನಮ್ಮಲ್ಲಾದರೆ ಬಾಡಿಗೆಯ ಬದಲು ಎಕರೆ ರೇಟು. ವಲಯ ಬರುತ್ತದೆ ಅನ್ನುವ ಗಾಳಿಸುದ್ದಿಗೇ ದಲ್ಲಾಳಿಗಳು ಅಗ್ರಿಮೆಂಟ್ ಮಾಡಿಕೊಂಡು ಕೂತಿರುತ್ತಾರೆ. ಹಾಗಾಗಿ ಸಾಧ್ಯವಾದಷ್ಟು ಸರ್ಕಾರಿ ಜಾಗ, ಮುಚ್ಚಿದ ಹಳೇ ಕಾರ್ಖಾನೆಯ ಜಾಗ ಮೊದಲು ಹುಡುಕಿ.

ರೈತರ ಭೂಮಿಯೇ ಬೇಕಾದರೆ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ದಾರಿ ಇದೆ. ಕೈಗಾರಿಕಾ ಪ್ರದೇಶ ಅಂತ ಘೋಷಣೆ 3(1)ರಲ್ಲಿ, ಪ್ರಾಥಮಿಕ ಅಧಿಸೂಚನೆ 28(1)ರಲ್ಲಿ, ಅಂತಿಮ ಅಧಿಸೂಚನೆ 28(4)ರಲ್ಲಿ. ನೋಟಿಸು ಹೋಗುವ ಮೊದಲೇ ಪಹಣಿ ಹಿಡಿದು ಹಳ್ಳಿಗೆ ಹೋಗಿ ಕೂತು ಮಾತಾಡಿ. ಪಹಣಿಯಲ್ಲಿ ತಾತನ ಹೆಸರು, ಹೊಲದಲ್ಲಿ ಮೂವರು ಮೊಮ್ಮಕ್ಕಳು, ಇದೇ ಸಾಮಾನ್ಯ. ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಡುವ ಕೆಲಸವನ್ನು ಮೊದಲು ಮುಗಿಸಿದರೆ ಆಮೇಲೆ ಕೋರ್ಟಿನಲ್ಲಿ ಕಳೆಯುವ ವರ್ಷಗಳು ಉಳಿಯುತ್ತವೆ.

ಹಂತ 3: ಯಾರು ಬರಬೇಕು, ಯಾರು ಬೇಡ

ಮಾರ್ಗದರ್ಶಿಗಳಲ್ಲಿ ಇದನ್ನು ಕ್ಲಸ್ಟರ್ (ಒಂದೇ ಥರದ ಉದ್ಯಮಗಳ ಗುಂಪು) ಅಧ್ಯಯನ ಅಂತಾರೆ. ನಾನಾದರೆ ಎಪಿಎಂಸಿ ಗೇಟಿನಲ್ಲಿ ನಿಂತು ಹೊರಗೆ ಹೋಗುವ ಲಾರಿ ನೋಡಿ ಅಂತೀನಿ. ಏನು ಹಸಿಯಾಗಿ ಹೊರಗೆ ಹೋಗಿ, ತಯಾರಾಗಿ ನಿಮ್ಮದೇ ಅಂಗಡಿಗೆ ವಾಪಸ್ ಬರುತ್ತಿದೆ? ಕಲಬುರಗಿಯ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಮಾಲು ಅನ್ನುವ ಗುರುತು ಸಿಕ್ಕಿದೆ. ಬೇಳೆ ಒಡೆಯುವುದಲ್ಲದೆ ಪಾಲಿಶ್, ಪ್ಯಾಕಿಂಗ್, ಬ್ರಾಂಡ್ ಎಲ್ಲ ಊರಲ್ಲೇ ಆದರೆ ಒಂದು ಕ್ವಿಂಟಲಿಗೆ ಉಳಿಯುವ ದುಡ್ಡೇ ಬೇರೆ.

ಇನ್ನೊಂದು ದಾರಿ, ದೊಡ್ಡ ಕಂಪನಿಯೊಂದನ್ನು ಮೊದಲು ಹಿಡಿದು ಅದರ ಸುತ್ತ ವಲಯ ಕಟ್ಟುವುದು. ಕೊಪ್ಪಳದ ಭಾನಾಪುರದಲ್ಲಿ ಏಕಸ್ ಕಂಪನಿಯ 400 ಎಕರೆ ಆಟಿಕೆ ಕ್ಲಸ್ಟರ್ 2020ರಲ್ಲಿ ಘೋಷಣೆ ಆಗಿದ್ದು ಈ ರೀತಿ. ಒಬ್ಬರು ನಿಂತರೆ ಅವರಿಗೆ ಡಬ್ಬಿ, ಸ್ಕ್ರೂ, ಬಣ್ಣ ಕೊಡುವವರು ಬರುತ್ತಾರೆ ಅನ್ನುವ ಲೆಕ್ಕ. ಅಪಾಯವೂ ಅಲ್ಲೇ ಇದೆ. ಆ ಒಬ್ಬರು ಕೈ ಎತ್ತಿದರೆ ಎಲ್ಲರೂ ಬೀಳುತ್ತಾರೆ.

ಬೇಡದವರ ಪಟ್ಟಿಯನ್ನೂ ಬರೆಯಿರಿ, ಇದನ್ನು ಮರೆಯಬೇಡಿ. ಇಂಗ್ಲೆಂಡಿನ ಡಡ್ಲಿ ಹತ್ತಿರದ ರೌಂಡ್ ಓಕ್ ಉಕ್ಕಿನ ಕಾರ್ಖಾನೆ 1982ರಲ್ಲಿ ಮುಚ್ಚಿತು. ಅಲ್ಲಿ ಮಾಡಿದ ಉದ್ಯಮ ವಲಯದಲ್ಲಿ ಎದ್ದು ನಿಂತದ್ದು ಮೆರಿ ಹಿಲ್ ಅನ್ನುವ ಭಾರಿ ಶಾಪಿಂಗ್ ಸೆಂಟರ್. ಆಮೇಲೆ ಮಾರ್ಕ್ಸ್ ಅಂಡ್ ಸ್ಪೆನ್ಸರ್‌ನಂಥ ದೊಡ್ಡ ಅಂಗಡಿಗಳು ಡಡ್ಲಿ ಪೇಟೆಯಲ್ಲಿ ಬಾಗಿಲು ಹಾಕಿ ಅಲ್ಲಿಗೆ ಹೋದವು. ತೆರಿಗೆ ಬಿಟ್ಟು ಸಾಕಿದ ವಲಯವೇ ಪಕ್ಕದ ಪೇಟೆಯನ್ನು ತಿಂದಿತು. ಬಟ್ಟೆ ಅಂಗಡಿ, ಬರೀ ಗೋದಾಮು, ಕಲ್ಯಾಣ ಮಂಟಪ, ಇವಕ್ಕೆ ವಲಯದ ರಿಯಾಯಿತಿ ಇಲ್ಲ ಅಂತ ಆದೇಶದಲ್ಲೇ ಬರಲಿ. ನಗಬೇಡಿ, ಕೈಗಾರಿಕಾ ಪ್ಲಾಟಿನಲ್ಲಿ ಮದುವೆ ಊಟ ನಾನೇ ಮಾಡಿ ಬಂದಿದ್ದೇನೆ.

ಹಂತ 4: ನೀರು, ಕರೆಂಟು, ರಸ್ತೆ, ಸಿದ್ಧ ಶೆಡ್ಡು

ಲಂಡನ್ನಿನ ಐಲ್ ಆಫ್ ಡಾಗ್ಸ್ ಕಥೆ ಇಲ್ಲಿ ಹೇಳಲೇಬೇಕು. 1982ರಲ್ಲಿ ಅಲ್ಲಿನ ಪಾಳು ಬಿದ್ದ ಹಡಗುಕಟ್ಟೆಗಳು ಉದ್ಯಮ ವಲಯವಾದವು. ರಿಯಾಯಿತಿಗೆ ಮನಸೋತು ಕ್ಯಾನರಿ ವಾರ್ಫ್‌ನ ದೊಡ್ಡ ದೊಡ್ಡ ಕಟ್ಟಡ ಎದ್ದವು. ಆದರೆ ಅಲ್ಲಿಗೆ ಹೋಗಲು 1987ರಲ್ಲಿ ಬಂದ ಸಣ್ಣ ಲಘು ರೈಲು ಬಿಟ್ಟರೆ ಸರಿಯಾದ ದಾರಿ ಇರಲಿಲ್ಲ. ಆಫೀಸು ಬಾಡಿಗೆಯ ಮಾರುಕಟ್ಟೆಯೂ ಅದೇ ಹೊತ್ತಿಗೆ ಕುಸಿಯಿತು. ಕಟ್ಟಿಸಿದ ಒಲಿಂಪಿಯಾ ಅಂಡ್ ಯಾರ್ಕ್ ಕಂಪನಿ 1992ರಲ್ಲಿ ದಿವಾಳಿ. ಜಾಗ ನಿಜವಾಗಿ ತುಂಬಿದ್ದು ಆಮೇಲಿನ ವರ್ಷಗಳಲ್ಲಿ, ಅದರಲ್ಲೂ 1999ರಲ್ಲಿ ಜುಬಿಲಿ ಮೆಟ್ರೋ ಬಂದ ಮೇಲೆ. ವಲಯದ 10 ವರ್ಷದ ಅವಧಿ ಅಷ್ಟರಲ್ಲಿ ಮುಗಿದೇ ಹೋಗಿತ್ತು.

ನಿಮ್ಮ ಊರಿಗೆ ಮೆಟ್ರೋ ಬೇಡ. ಬೇರೆ ಫೀಡರ್ ಬೇಕು, ಅಂದರೆ ಹಳ್ಳಿ ಪಂಪ್‌ಸೆಟ್ಟಿನ ಲೈನಿಗೆ ಸೇರದ, ವಲಯಕ್ಕೇ ಮೀಸಲಾದ ಕರೆಂಟ್ ಲೈನು. ನೀರಿಗೆ ಬೋರ್‌ವೆಲ್ ನಂಬಬೇಡಿ. ಬೇಸಿಗೆಯಲ್ಲಿ ಕಾರ್ಖಾನೆ ಮತ್ತು ಹಳ್ಳಿಯ ನಡುವೆ ಜಗಳ ಹಚ್ಚುವುದೇ ಅದು. ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲ ನಕ್ಷೆಯಲ್ಲೇ ತೋರಿಸಿ.

ಕೊನೆಗೆ ಶೆಡ್ಡು. ಪ್ಲಾಟು ಕೊಂಡು, ಶೆಡ್ಡು ಕಟ್ಟಿ, ಆಮೇಲೆ ಮಿಷಿನ್ ತರುವಷ್ಟು ದುಡ್ಡು ಸಣ್ಣವರ ಹತ್ತಿರ ಇರುವುದಿಲ್ಲ. ರಾಜ್ಯದ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ (ಕೆಎಸ್‌ಎಸ್‌ಐಡಿಸಿ) ಕೈಗಾರಿಕಾ ವಸಾಹತುಗಳ ಥರ ಸಿದ್ಧ ಶೆಡ್ಡು ಕಟ್ಟಿ ಕೊಡಿಸಿ. ಊರಿನ ಹುಡುಗರು ಉದ್ಯಮಿ ಆಗುವುದು ಇಂಥ ಶೆಡ್ಡುಗಳಲ್ಲೇ.

ಹಂತ 5: ಒಂದೇ ಕಿಟಕಿ, ನಿಜವಾಗಿ ಒಂದೇ

ಎಲ್ಲ ಅನುಮತಿ ಒಂದೇ ಕಡೆ ಸಿಗಲಿ ಅಂತ ಕಾನೂನು ಇದೆ. 15 ಕೋಟಿವರೆಗಿನ ಯೋಜನೆಗೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಏಕಗವಾಕ್ಷಿ ಸಮಿತಿ, 500 ಕೋಟಿವರೆಗೆ ರಾಜ್ಯ ಸಮಿತಿ, ಅದಕ್ಕೂ ಮೇಲಿದ್ದರೆ ಮುಖ್ಯಮಂತ್ರಿ ಅಧ್ಯಕ್ಷತೆಯ ಉನ್ನತ ಸಮಿತಿ. 2020ರ ತಿದ್ದುಪಡಿ ಪ್ರಕಾರ ಸಮಿತಿ ಒಪ್ಪಿದ ಮೇಲೆ ಅಫಿಡವಿಟ್ ಕೊಟ್ಟು ಕೆಲಸ ಶುರು ಮಾಡಿ, ರಾಜ್ಯದ ಉಳಿದ ಅನುಮತಿಗಳನ್ನು ಮೂರು ವರ್ಷದೊಳಗೆ ಪಡೆಯಬಹುದು. ಕೇಂದ್ರದ ಕಾನೂನಿನವು ಬೇರೆ.

ತೊಂದರೆ ಬರುವುದು ಸಮಿತಿ ಒಪ್ಪಿದ ಮೇಲೆ. ಮಂಜೂರಾತಿ ಪತ್ರ ಕೈಯಲ್ಲಿರುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸುವವರು ಸಿಗುವುದಿಲ್ಲ. ವಲಯಕ್ಕೆ ಅಂತ ಒಬ್ಬ ಅಧಿಕಾರಿ, ಅವರ ಮೊಬೈಲ್ ನಂಬರು ಗೇಟಿನ ಬೋರ್ಡಿನ ಮೇಲೆ, ತಿಂಗಳಿಗೊಮ್ಮೆ ಬಾಕಿ ಅರ್ಜಿಗಳ ಪಟ್ಟಿ ಅದೇ ಬೋರ್ಡಿಗೆ. ಇಷ್ಟು ಮಾಡಿಸಿ.

ಹಂತ 6: ಈಗ ರಿಯಾಯಿತಿ

ಹಂತ 1ರ ಹಾಳೆ ತೆಗೆಯಿರಿ. ಕರೆಂಟು, ನೀರು, ಶೆಡ್ಡಿನಿಂದ ಸರಿಹೋದ ಸಾಲುಗಳನ್ನು ಹೊಡೆದು ಹಾಕಿ. ಉಳಿದ ಖರ್ಚು ಏನು? ಬೆಂಗಳೂರಿಗಿಂತ ಜಾಸ್ತಿ ಬೀಳುವ ಲಾರಿ ಬಾಡಿಗೆ ಇರಬಹುದು, ಕೆಲಸ ಕಲಿಸುವ ಖರ್ಚು ಇರಬಹುದು. ಅಷ್ಟನ್ನು ತುಂಬುವ ರಿಯಾಯಿತಿ ಕೇಳಿ.

ತೆರಿಗೆ ರಿಯಾಯಿತಿ ಕೆಲಸವನ್ನೇ ಮಾಡಲ್ಲ ಅಂತ ನಾನು ಹೇಳುತ್ತಿಲ್ಲ. ಹಿಮಾಚಲದ ಬದ್ದಿ ನೋಡಿ. 2005ರಲ್ಲಿ ಔಷಧಗಳ ಅಬಕಾರಿ ಸುಂಕವನ್ನು ಕಾರ್ಖಾನೆ ಬೆಲೆ ಬಿಟ್ಟು ಎಂಆರ್‌ಪಿ ಮೇಲೆ ಹಾಕತೊಡಗಿದರು. ಔಷಧ ಕಂಪನಿಗಳಿಗೆ ಭಾರ ಹೆಚ್ಚಾಯಿತು, ಬದ್ದಿಯಲ್ಲಿ ಆ ಸುಂಕವೇ ಇರಲಿಲ್ಲ. ಕಂಪನಿಗಳು ಸಾಲುಗಟ್ಟಿ ಹೋದವು. ಕಂಪನಿಗೆ ನೋಯುವ ಜಾಗ ಯಾವುದೋ ರಿಯಾಯಿತಿ ಸರಿಯಾಗಿ ಅಲ್ಲಿಗೇ ತಾಗಿತು. ಚಂಡೀಗಢ ಹತ್ತಿರ ಇದ್ದದ್ದೂ ನೆರವಾಯಿತು ಅನ್ನಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಆ ದಾರಿ ಮುಚ್ಚಿದೆ. ಈಗ ರಾಜ್ಯದ ಕೈಯಲ್ಲಿ ಇರುವುದು ಬಂಡವಾಳ ಸಬ್ಸಿಡಿ, ವಹಿವಾಟಿನ ಮೇಲಿನ ಪ್ರೋತ್ಸಾಹಧನ, ಸ್ಟ್ಯಾಂಪ್ ಡ್ಯೂಟಿ, ವಿದ್ಯುತ್ ತೆರಿಗೆ ಮಾಫಿ, ಇಂಥವು.

ಬಂಡವಾಳಕ್ಕೆ ಕೊಟ್ಟರೆ ಮಿಷಿನ್ ಬರುತ್ತದೆ, ಜನಕ್ಕೆ ಕೆಲಸ ಸಿಗುವುದು ಗ್ಯಾರಂಟಿ ಇಲ್ಲ. ಕೆಲಸಕ್ಕೆ ಕೊಡುವುದಾದರೆ ಸೋರಿಕೆ ಬಗ್ಗೆ ಎಚ್ಚರ. ಅಮೆರಿಕದ ಕ್ಯಾಲಿಫೋರ್ನಿಯಾದ ಉದ್ಯಮ ವಲಯಗಳಲ್ಲಿ ಕಂಪನಿಗಳು ಒಬ್ಬ ಕೆಲಸಗಾರನಿಗೆ 5 ವರ್ಷದಲ್ಲಿ 37,000 ಡಾಲರಿಗೂ ಹೆಚ್ಚು ತೆರಿಗೆ ಕಳೆಯಬಹುದಿತ್ತು. ಕನ್ಸಲ್ಟೆಂಟುಗಳು ಕಂಪನಿಗಳ ಹಳೇ ಹಾಜರಿ ಪುಸ್ತಕ ಕೆದಕಿ, ಯಾವತ್ತೋ ಸೇರಿದವರ ಹೆಸರಿನಲ್ಲೂ ಕ್ಲೇಮ್ ಹಾಕಿಸಿದರು. ಆ ಕೆಲಸಗಳು ಹೇಗೂ ಇದ್ದವು, ಅಲ್ವಾ? ಅಲ್ಲಿನ ಸರ್ಕಾರ 2013ರಲ್ಲಿ ಯೋಜನೆಯನ್ನೇ ಮುಚ್ಚಲು ಕಾನೂನು ತಂದಿತು. ಹಾಗಾಗಿ ಮೊದಲು ಅರ್ಜಿ, ಆಮೇಲೆ ನೇಮಕ, ಪಿಎಫ್ ಕಟ್ಟಿದ ದಾಖಲೆ ನೋಡಿ ದುಡ್ಡು. ಈ ಕ್ರಮ ತಪ್ಪಬಾರದು.

ಹಂತ 7: ಊರಿನವರಿಗೆ ಕೆಲಸ

2020–25ರ ನೀತಿ ಸೌಲಭ್ಯ ಪಡೆದ ಘಟಕಗಳಿಗೆ 70 ಪರ್ಸೆಂಟ್ ಕನ್ನಡಿಗರು, ಡಿ ಗುಂಪಿನಲ್ಲಿ ಪೂರ್ತಿ ಕನ್ನಡಿಗರು ಅನ್ನುವ ಷರತ್ತು ಹಾಕಿತ್ತು. ಷರತ್ತು ಇರಲಿ. ಆದರೆ ಫಿಟ್ಟರ್ ಬೇಕಾದ ದಿನ ಫಿಟ್ಟರ್ ಸಿಗದಿದ್ದರೆ ಷರತ್ತು ಕಾಗದದಲ್ಲೇ ಉಳಿಯುತ್ತದೆ, ಊರಿನವರಿಗೆ ವಾಚ್‌ಮನ್ ಕೆಲಸ ಮಾತ್ರ ಸಿಗುತ್ತದೆ. ಶೆಡ್ಡಿನ ಪಾಯ ತೋಡುವ ದಿನವೇ ಹತ್ತಿರದ ಐಟಿಐನಲ್ಲಿ ಬ್ಯಾಚು ಶುರುವಾಗಲಿ. ಭೂಮಿ ಕೊಟ್ಟ ಮನೆಯ ಮಕ್ಕಳಿಗೆ ಮೊದಲ ಸೀಟು.

ಆಮೇಲೆ ಬಸ್ಸು. ಯಾರೂ ಬರೆಯದ ಹಂತ ಇದು. ಶಿಫ್ಟ್ ಬೆಳಗ್ಗೆ ಎಂಟಕ್ಕೆ, ಹಳ್ಳಿಯಿಂದ ಮೊದಲ ಬಸ್ಸು ಎಂಟೂವರೆಗೆ ಅಂದರೆ ಹೆಣ್ಣುಮಕ್ಕಳು ಕೆಲಸಕ್ಕೆ ಬರುವುದು ಹೇಗೆ? ಡಿಪೋ ಮ್ಯಾನೇಜರ್ ಹತ್ತಿರ ಕೂತು ಟೈಮ್ ಬದಲಾಯಿಸಿಕೊಳ್ಳಿ. ಖರ್ಚಿಲ್ಲದೆ ಸಿಗುವ ಅತಿ ದೊಡ್ಡ ರಿಯಾಯಿತಿ ಅದು. ಗುಳೆ ಹೋಗುವ ಊರುಗಳಲ್ಲಿ ಇದರ ಬೆಲೆ ಇನ್ನೂ ಜಾಸ್ತಿ.

ಹಂತ 8: ಎಣಿಕೆ

ವಲಯ ಘೋಷಣೆಗೆ ಮುಂಚೆಯೇ ಒಂದು ಫೋಟೋ ತೆಗೆದಂತೆ ಲೆಕ್ಕ ಇಟ್ಟುಕೊಳ್ಳಿ: ತಾಲೂಕಿನಲ್ಲಿ ಪಿಎಫ್ ಇರುವ ಕೆಲಸಗಾರರು ಎಷ್ಟು, ಕೈಗಾರಿಕೆಯ ಕರೆಂಟ್ ಸಂಪರ್ಕ ಎಷ್ಟು. ಅದೇ ಲೆಕ್ಕ ಪಕ್ಕದ ತಾಲೂಕಿನದ್ದೂ ಬೇಕು. ಬ್ರಿಟನ್ನಿನ ಮೊದಲ ವಲಯಗಳಿಗೆ ಬಂದ ಕಂಪನಿಗಳಲ್ಲಿ ಬಹಳಷ್ಟು ಹತ್ತಿರದಿಂದಲೇ ಗೆರೆಯೊಳಗೆ ಜರುಗಿದವು. ಪಕ್ಕದ ತಾಲೂಕಿನ 40 ಕೆಲಸ ನಿಮ್ಮಲ್ಲಿಗೆ ಬಂದರೆ ಜಿಲ್ಲೆಗೆ ಸಿಕ್ಕಿದ್ದು ಸೊನ್ನೆ.

ಪ್ಲಾಟು ಪಡೆದು ಕಟ್ಟದವರಿಂದ ವಾಪಸ್ ತೆಗೆದುಕೊಳ್ಳುವ ದಿನಾಂಕ ಹಂಚಿಕೆ ಪತ್ರದಲ್ಲೇ ಇರಲಿ. ಭೂಮಿ ಬೆಲೆ ಏರಲಿ ಅಂತ ಕಾಂಪೌಂಡ್ ಮಾತ್ರ ಕಟ್ಟಿ ಕೂರುವವರು ಎಲ್ಲ ಕಡೆ ಇದ್ದಾರೆ. ಸಬ್ಸಿಡಿ ಪಡೆದು ಅವಧಿಗೆ ಮೊದಲೇ ಬಾಗಿಲು ಹಾಕಿದರೆ ದುಡ್ಡು ಮರಳಿಸುವ ಷರತ್ತೂ ಬೇಕು.

ಹಂತ 9: ಮುಗಿಸುವ ದಿನವನ್ನು ಮೊದಲೇ ಬರೆಯುವುದು

ರಿಯಾಯಿತಿ ಒಂದೇ ದಿನ ನಿಂತರೆ ಆ ದಿನಕ್ಕೆ ಮುಂಚೆ ನೂಕುನುಗ್ಗಲು. ಬ್ರಿಟನ್ನಿನಲ್ಲಿ ವಲಯದ ಅವಧಿ ಮುಗಿಯುವ ಮುನ್ನ ಕಟ್ಟಡದ ಕಾಂಟ್ರಾಕ್ಟಿಗೆ ಸಹಿ ಹಾಕಿಟ್ಟುಕೊಂಡರೆ ಆಮೇಲೂ ಲಾಭ ಸಿಗುತ್ತಿತ್ತು. ಅಂಥ ಕಾಗದಗಳಿಗೆ ಅಲ್ಲಿನವರು 'ಚಿನ್ನದ ಕಾಂಟ್ರಾಕ್ಟು' ಅಂತಲೇ ಹೆಸರಿಟ್ಟಿದ್ದರು. ಹಿಮಾಚಲ, ಉತ್ತರಾಖಂಡದಲ್ಲಿ ಹೊಸ ಘಟಕಗಳಿಗೆ ಅಬಕಾರಿ ವಿನಾಯಿತಿಯ ಬಾಗಿಲು 2010ರ ಮಾರ್ಚ್ 31ಕ್ಕೆ ಮುಚ್ಚಿತು.

ಒಮ್ಮೆಲೇ ನಿಲ್ಲಿಸುವ ಬದಲು ಇಳಿಸುತ್ತಾ ಬನ್ನಿ. ಉದಾಹರಣೆಗೆ ಮೊದಲ 5 ವರ್ಷ ಪೂರ್ತಿ, 6ನೇ ವರ್ಷ 75 ಪರ್ಸೆಂಟ್, 7ನೇ ವರ್ಷ 50, 8ನೇ ವರ್ಷ 25, ಆಮೇಲೆ ಇಲ್ಲ. 4ನೇ ವರ್ಷ ಹಂತ 1ರ ಅದೇ ಇಪ್ಪತ್ತು ಜನರನ್ನು, ಹೊಸದಾಗಿ ಬಂದವರನ್ನೂ ಮತ್ತೆ ಕೂರಿಸಿ ಅದೇ ಪ್ರಶ್ನೆ ಕೇಳಿ. ಯಾವ ದಿನ ಮಿಷಿನ್ ನಿಂತಿತ್ತು, ಯಾಕೆ?

ಮೊದಲ ಸಭೆಗೆ ಹೋಗುವಾಗ

ಜಿಲ್ಲಾಧಿಕಾರಿಗಳ ಹತ್ತಿರ ಹತ್ತು ನಿಮಿಷ ಸಿಗಬಹುದು. ಮನವಿಪತ್ರದಲ್ಲಿ "ನಮ್ಮ ಭಾಗ ಹಿಂದುಳಿದಿದೆ" ಅಂತ ಎರಡು ಪುಟ ಬರೆಯಬೇಡಿ, ಅದು ಅವರಿಗೆ ಗೊತ್ತು. ಮೂರು ಹಾಳೆ ಒಯ್ಯಿರಿ: ಖರ್ಚನ್ನು ರೂಪಾಯಿಯಲ್ಲಿ ಬರೆದ ಪಟ್ಟಿ, ಸರ್ವೆ ನಂಬರಿನ ಸಮೇತ ಜಾಗದ ನಕ್ಷೆ, ಕರೆಂಟು-ನೀರು ಸರಿಯಾದರೆ ಬರುತ್ತೇವೆ ಅಂತ ಐದಾರು ಜನ ಸಹಿ ಹಾಕಿದ ಪತ್ರ. ಸಾಧ್ಯವಾದರೆ ಆ ದಾಲ್ ಮಿಲ್ ಮಾಲೀಕರಂಥವರೊಬ್ಬರನ್ನೂ ಕರೆದುಕೊಂಡು ಹೋಗಿ, ಕ್ಯಾಲೆಂಡರ್ ಸಮೇತ.